ಕೋಲ್ಡ್ ಏರ್ ಇಂಟೇಕ್ ಕೊಳ್ಳುವ ಮೊದಲು ಅಳೆಯಬೇಕಾದ ಎರಡು ಸಂಖ್ಯೆಗಳು

ಪ್ರಶ್ನೆ: ನನ್ನದು 2.4 ಲೀಟರಿನ, ಟರ್ಬೊ ಇಲ್ಲದ ನಾಲ್ಕು ಸಿಲಿಂಡರ್ ಸ್ಪೋರ್ಟ್ಸ್ ಕಾರು. ಸುಮಾರು 220 ಎಚ್‌ಪಿ. ಕಂಪನಿಯ ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬಿ) ತೆಗೆದು ಕೋಲ್ಡ್ ಏರ್ ಇಂಟೇಕ್, ಅಂದರೆ ಎಂಜಿನ್ನಿಗೆ ತಂಪು ಗಾಳಿ ತರುತ್ತದೆ ಎನ್ನುವ ಫಿಲ್ಟರ್, ಪೈಪಿನ ಕಿಟ್ ಹಾಕಬೇಕೆಂದಿದ್ದೇನೆ. ಮೂರು ಬಗೆಯವು ಸಿಗುತ್ತಿವೆ: ಬಾನೆಟ್ ಒಳಗೇ ತೆರೆದ ಕೋನ್ ಫಿಲ್ಟರ್ ಇರುವ ಗಿಡ್ಡ ಪೈಪಿನದು, ಫಿಲ್ಟರನ್ನು ಬಂಪರ್ ಹಿಂದಕ್ಕೆ ಇಳಿಸುವ ಉದ್ದ ಪೈಪಿನದು, ಮುಚ್ಚಿದ ಡಬ್ಬಿಯದು. 15ರಿಂದ 20 ಎಚ್‌ಪಿ ಹೆಚ್ಚುತ್ತದೆ ಎನ್ನುತ್ತದೆ ಜಾಹೀರಾತು. ಯಾವುದನ್ನು ಆರಿಸಲಿ? ಅದಕ್ಕೆ ತಕ್ಕಂತೆ ಎಂಜಿನ್ನಿನ ಕಂಪ್ಯೂಟರನ್ನು ಟ್ಯೂನ್ ಮಾಡಿಸಲೇಬೇಕೇ? ಎಣ್ಣೆ ಹಚ್ಚುವ ಫಿಲ್ಟರ್ ಒಳ್ಳೆಯದೋ, ಒಣ ಫಿಲ್ಟರೋ?

ಉತ್ತರ: ಮುಚ್ಚಿದ ಡಬ್ಬಿಯದನ್ನು ಆರಿಸಿ, ಒಣ ಫಿಲ್ಟರಿನೊಂದಿಗೆ. ಆದರೆ ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಕೂರುವ ಜಾಗದಲ್ಲಿ ಕೊಳವೆಯ ಒಳವ್ಯಾಸ ಕಂಪನಿಯದಷ್ಟೇ ಇದ್ದರೆ ಮಾತ್ರ. 15–20 ಎಚ್‌ಪಿ ಆಸೆ ಬಿಡಿ. ನಿಮ್ಮಂಥ ಎಂಜಿನ್ನಿಗೆ 3ರಿಂದ 6 ಎಚ್‌ಪಿ ಸಿಕ್ಕರೆ ಅದು ಒಳ್ಳೆಯ ಕಿಟ್. ಕೆಲವು ಕಾರುಗಳಲ್ಲಿ ಅಷ್ಟೂ ಸಿಗುವುದಿಲ್ಲ. ಸಿಗುತ್ತದೋ ಇಲ್ಲವೋ ಎಂಬುದನ್ನು ದುಡ್ಡು ಕೊಡುವ ಮೊದಲೇ ಅಳೆದು ತಿಳಿಯಬಹುದು. ಎರಡು ಸಂಖ್ಯೆ ಸಾಕು: ಈಗಿರುವ ವ್ಯವಸ್ಥೆಯಲ್ಲಿ ಗಾಳಿ ಎಷ್ಟು ಒತ್ತಡ ಕಳೆದುಕೊಳ್ಳುತ್ತಿದೆ, ಮತ್ತು ಎಷ್ಟು ಬಿಸಿಯಾಗುತ್ತಿದೆ.

ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಎಂಬ ಲೆಕ್ಕ ಸುಲಭ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ತೆಗೆದುಕೊಳ್ಳುತ್ತದೆ. 2.4 ಲೀಟರ್, 7000 ಆರ್‌ಪಿಎಂ ಎಂದರೆ ನಿಮಿಷಕ್ಕೆ 8400 ಲೀಟರ್, ಅಂದರೆ ಸೆಕೆಂಡಿಗೆ 140 ಲೀಟರ್. 76 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಈ ಗಾಳಿ ಸೆಕೆಂಡಿಗೆ ಸುಮಾರು 31 ಮೀಟರ್ ವೇಗದಲ್ಲಿ ಹರಿಯುತ್ತದೆ, 63 ಮಿ.ಮೀ. ಪೈಪಿನಲ್ಲಿ 45 ಮೀಟರ್. ಒತ್ತಡದ ನಷ್ಟ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ ಸಣ್ಣ ಪೈಪ್ ನಿಜವಾಗಿಯೂ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಆದರೆ 76ರಿಂದ 89 ಮಿ.ಮೀ.ಗೆ ಹೋದರೆ ಉಳಿತಾಯವಾಗುವುದು ಕಿಲೋಪಾಸ್ಕಲ್ಲಿನ ಒಂದು ಸಣ್ಣ ಪಾಲು. ದಪ್ಪ ಪೈಪ್ ಎಂದರೆ ಹೆಚ್ಚು ಶಕ್ತಿ ಎಂಬ ನಂಬಿಕೆ ಇಲ್ಲಿಗೇ ನಿಲ್ಲುತ್ತದೆ.

ಈಗ ಎರಡು ಸಂಖ್ಯೆಗಳ ಬೆಲೆ ನೋಡೋಣ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್. ಹಾಗಾಗಿ ಫಿಲ್ಟರು, ಡಬ್ಬಿ, ಪೈಪುಗಳಲ್ಲಿ ಒಂದು ಕಿಲೋಪಾಸ್ಕಲ್ ಕಳೆದರೆ ಶಕ್ತಿಯೂ ಸರಿಸುಮಾರು ಶೇ. 1ರಷ್ಟು ಕಳೆಯುತ್ತದೆ. ತಾಪಮಾನದ ಲೆಕ್ಕ ತುಸು ಬೇರೆ. 25 ಡಿಗ್ರಿಯ ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇ. 1ರಷ್ಟು ಇಳಿಯುತ್ತದೆ. ಆದರೆ ಒಳಗೆ ಹೋಗುವ ದಾರಿಯಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಕೊಳವೆ), ವಾಲ್ವ್, ಸಿಲಿಂಡರ್ ಗೋಡೆಗಳು ಗಾಳಿಯನ್ನು ಹೇಗೂ ಕಾಯಿಸುವುದರಿಂದ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಕೊಟ್ಟ ಫಲಿತಾಂಶವನ್ನು ಹವೆಗೆ ತಕ್ಕಂತೆ ತಿದ್ದಲು ಬಳಸುವ ಎಸ್‌ಎಇ ಜೆ1349 ಎಂಬ ಮಾನದಂಡದ ಸೂತ್ರದಲ್ಲೂ ತಾಪಮಾನದ ವರ್ಗಮೂಲವೇ ಇದೆ. ಆ ಲೆಕ್ಕದಲ್ಲಿ 6 ಡಿಗ್ರಿಗೆ ಶೇ. 1. ಇದರ ಮೇಲೆ, ಬಿಸಿ ಗಾಳಿಯಿಂದ ನಾಕಿಂಗ್ (ಸಿಲಿಂಡರಿನೊಳಗಿನ ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ಶುರುವಾಗಿ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಗ್ನಿಶನ್ ಟೈಮಿಂಗ್, ಅಂದರೆ ಕಿಡಿ ಹೊತ್ತಿಸುವ ಹೊತ್ತನ್ನು ಹಿಂದೆ ಎಳೆದರೆ ಆ ನಷ್ಟ ಬೇರೆ.

ಒಂದು ಉದಾಹರಣೆ: ಕಂಪನಿಯ ಏರ್‌ಬಾಕ್ಸ್ 2.5 ಕಿಲೋಪಾಸ್ಕಲ್ ಕಳೆಯುತ್ತಿದೆ, ಹೊಸ ಕಿಟ್ 1.2 ಕಳೆಯುತ್ತದೆ, ಗಾಳಿ 6 ಡಿಗ್ರಿ ತಂಪಾಗಿ ಬರುತ್ತದೆ ಎಂದಿಟ್ಟುಕೊಳ್ಳಿ. ಒತ್ತಡದಿಂದ ಶೇ. 1.3, ತಾಪಮಾನದಿಂದ ಶೇ. 1. ನಿಮ್ಮ 220 ಎಚ್‌ಪಿಯಲ್ಲಿ ಅದು 5 ಎಚ್‌ಪಿ. ಬರೀ ಕಡಿಮೆ ತಡೆಯಿಂದಲೇ 20 ಎಚ್‌ಪಿ ಬರಬೇಕಾದರೆ ಕಂಪನಿಯ ಡಬ್ಬಿ 9 ಕಿಲೋಪಾಸ್ಕಲ್‌ಗೂ ಹೆಚ್ಚು ಕಳೆಯುತ್ತಿರಬೇಕು. ಫಿಲ್ಟರ್ ಮಣ್ಣಿನಿಂದ ಕಟ್ಟಿಕೊಂಡಿರದ ಹೊರತು ಸ್ಪೋರ್ಟ್ಸ್ ಕಾರಿಗೆಂದೇ ಮಾಡಿದ ಏರ್‌ಬಾಕ್ಸಿನಲ್ಲಿ ಅಷ್ಟು ನಷ್ಟ ಇರುವುದಿಲ್ಲ.

ಅಳೆಯುವುದು ಹೇಗೆ? ನಿಮ್ಮ ಕಾರಿನಲ್ಲಿ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಇದ್ದರೆ ಒಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರುಗಳ ಸಂಖ್ಯೆ ಓದುವ ಉಪಕರಣ) ಸಾಕು. ಕೀ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಆ ಸೆನ್ಸರಿನ ಸಂಖ್ಯೆ ಬರೆದುಕೊಳ್ಳಿ. ಅದು ಆ ಹೊತ್ತಿನ ವಾತಾವರಣದ ಒತ್ತಡ. ಆಮೇಲೆ ಡೈನೊ ಮೇಲೋ, ಬೇರೆ ವಾಹನಗಳಿಲ್ಲದ ಟ್ರ್ಯಾಕಿನಲ್ಲೋ ಪೂರ್ತಿ ಆಕ್ಸಿಲರೇಟರ್ ಒತ್ತಿ ಆರ್‌ಪಿಎಂ ಮೀಟರಿನ ಕೆಂಪು ಗೆರೆಯ ಹತ್ತಿರ ಓಡಿಸಿ, ದಾಖಲಾದ ಸಂಖ್ಯೆ ನೋಡಿ. ಎರಡರ ವ್ಯತ್ಯಾಸವೇ ಒಟ್ಟು ನಷ್ಟ. ಇದರಲ್ಲಿ ಥ್ರಾಟಲ್ ಬಾಡಿಯ (ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ಗಾಳಿಯ ಬಾಗಿಲಿನ) ಪಾಲೂ ಸೇರಿರುತ್ತದೆ, ಅದನ್ನು ಯಾವ ಇಂಟೇಕೂ ಕಡಿಮೆ ಮಾಡಲಾರದು. ಒಟ್ಟು ವ್ಯತ್ಯಾಸವೇ 2 ಕಿಲೋಪಾಸ್ಕಲ್ ಇದ್ದರೆ ಒತ್ತಡದ ಕಡೆಯಿಂದ ಗಳಿಸುವಂಥದ್ದು ಏನೂ ಇಲ್ಲ ಎಂದೇ ತಿಳಿಯಿರಿ. ಈ ಸೆನ್ಸರ್ ಇಲ್ಲದಿದ್ದರೆ ಫಿಲ್ಟರಿಗೂ ಥ್ರಾಟಲ್‌ಗೂ ನಡುವೆ ಡಿಜಿಟಲ್ ಮಾನೋಮೀಟರಿನ ನಳಿಗೆ ಸೇರಿಸಿ ಅಳೆಯಬಹುದು. ನೀರು ತುಂಬಿದ ಯು ಆಕಾರದ ನಳಿಗೆಯಲ್ಲೂ ಆಗುತ್ತದೆ, 10.2 ಸೆಂ.ಮೀ. ವ್ಯತ್ಯಾಸಕ್ಕೆ 1 ಕಿಲೋಪಾಸ್ಕಲ್. ಆದರೆ ಆ ನೀರು ಎಂಜಿನ್ನಿಗೆ ಎಳೆದುಹೋಗುವ ಅಪಾಯ ಇರುವುದರಿಂದ ಡಿಜಿಟಲ್ ಉಪಕರಣವೇ ಮೇಲು.

ತಾಪಮಾನಕ್ಕೆ ಇಂಟೇಕ್ ಏರ್ ಟೆಂಪರೇಚರ್ ಸೆನ್ಸರಿನ ಸಂಖ್ಯೆಯಿಂದ ಹೊರಗಿನ ತಾಪಮಾನ ಕಳೆಯಿರಿ. ಸ್ಥಿರ ವೇಗದಲ್ಲಿ ಹತ್ತು ನಿಮಿಷ ಓಡಿದ ಮೇಲೆ ಒಮ್ಮೆ, ನಿಧಾನ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತ ಮೇಲೆ ಒಮ್ಮೆ. ಓಡುವಾಗ ವ್ಯತ್ಯಾಸ 5–6 ಡಿಗ್ರಿಯೊಳಗೇ ಇದ್ದರೆ ಕಂಪನಿಯವರು ಆಗಲೇ ಹೊರಗಿನ ಗಾಳಿಯನ್ನೇ ಕೊಡುತ್ತಿದ್ದಾರೆ ಎಂದರ್ಥ. ಈಗಿನ ಬಹುಪಾಲು ಸ್ಪೋರ್ಟ್ಸ್ ಕಾರುಗಳಲ್ಲಿ ಗ್ರಿಲ್ ಹಿಂದಿನ ನಾಳದಿಂದ ಗಾಳಿ ಬರುವುದು ಹೀಗೆಯೇ. ಅಂಥ ಕಾರಿನಲ್ಲಿ ಕೋಲ್ಡ್ ಏರ್ ಇಂಟೇಕ್ ಎಂದು ಮಾರುವುದು ಎಷ್ಟೋ ಸಲ ಮೊದಲಿಗಿಂತ ಬಿಸಿ ಗಾಳಿ ಕೊಡುವ ಇಂಟೇಕ್ ಆಗಿರುತ್ತದೆ.

ಈ ತೊಂದರೆ ಗಿಡ್ಡ ಪೈಪಿನ ತೆರೆದ ಕೋನ್‌ನದು. ಬಾನೆಟ್ ಒಳಗಿನ ಗಾಳಿ ರೇಡಿಯೇಟರನ್ನೂ ಎಕ್ಸಾಸ್ಟನ್ನೂ ಸವರಿಕೊಂಡು ಬಂದಿರುತ್ತದೆ. ಗಾಡಿ ನಿಂತಾಗ ಅದು 60 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 60 ಡಿಗ್ರಿಯ ಗಾಳಿಯ ಸಾಂದ್ರತೆ ಶೇ. 10ಕ್ಕೂ ತುಸು ಹೆಚ್ಚು ಕಡಿಮೆ. ಒಂದು ಲೋಹದ ತಗಡನ್ನು ಅಡ್ಡ ನಿಲ್ಲಿಸಿ ಹೀಟ್ ಶೀಲ್ಡ್ ಎಂದು ಕರೆದರೂ ಮೇಲೆ ಕೆಳಗೆ ಸಂದಿ ಇದ್ದರೆ ಬಿಸಿ ಗಾಳಿ ಬಂದೇ ಬರುತ್ತದೆ. ಇದರಲ್ಲಿ ಸಿಗುವುದು ಸದ್ದು. ಆ ಹೀರುವ ಸದ್ದಿಗಾಗಿಯೇ ಹಾಕಿಸಿಕೊಳ್ಳುವುದು ತಪ್ಪಲ್ಲ, ಸ್ಪೋರ್ಟ್ಸ್ ಕಾರು ಕಿವಿಗೂ ಸುಖ ಕೊಡಬೇಕು. ಆದರೆ ಶಕ್ತಿಗೆಂದು ಅದನ್ನು ಕೊಳ್ಳಬೇಡಿ. ಡೈನೊ ಹಾಳೆ ತೋರಿಸಿದರೆ ಬಾನೆಟ್ ಮುಚ್ಚಿತ್ತೋ ತೆರೆದಿತ್ತೋ ಕೇಳಿ. ಬಾನೆಟ್ ತೆರೆದು ದೊಡ್ಡ ಫ್ಯಾನ್ ಎದುರಿಟ್ಟರೆ ತೆರೆದ ಕೋನ್ ಎಲ್ಲವನ್ನೂ ಗೆಲ್ಲುತ್ತದೆ. ರಸ್ತೆಯಲ್ಲಿ ಆ ಪರಿಸ್ಥಿತಿ ಎಂದೂ ಬರುವುದಿಲ್ಲ. ಅದೇ ದಿನ, ಅದೇ ಗೇರ್, ಕನಿಷ್ಠ ಮೂರು ಮೂರು ಓಟ, ಪ್ರತಿ ಓಟದ ಇಂಟೇಕ್ ತಾಪಮಾನ: ಇಷ್ಟೂ ಇರುವ ಹಾಳೆಯನ್ನು ಮಾತ್ರ ನಂಬಬಹುದು.

ಉದ್ದ ಪೈಪಿನದು ಗಾಳಿಯನ್ನು ನಿಜವಾಗಿಯೂ ತಂಪಾಗಿ ತರುತ್ತದೆ. ಅದರ ಶತ್ರು ನೀರು. ಬಂಪರ್ ಹಿಂದೆ ನೆಲದಿಂದ ಗೇಣೆತ್ತರದಲ್ಲಿ ಕೂತ ಫಿಲ್ಟರ್ ನೀರು ನಿಂತ ರಸ್ತೆಯಲ್ಲಿ ಮುಳುಗಿದರೆ ಎಂಜಿನ್ ಗಾಳಿಯ ಬದಲು ನೀರನ್ನೇ ಎಳೆಯುತ್ತದೆ. ನಿಮ್ಮ ಎಂಜಿನ್ನಿನ ಒಂದೊಂದು ಸಿಲಿಂಡರ್ 600 ಸಿಸಿ. ಕಂಪ್ರೆಶನ್ ಅನುಪಾತ 12.5 ಎಂದಾದರೆ ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 52 ಸಿಸಿ. ಅದಕ್ಕಿಂತ ಹೆಚ್ಚು ನೀರು ಒಂದು ಸಿಲಿಂಡರಿಗೆ ಹೊಕ್ಕರೆ ಪಿಸ್ಟನ್ ಮೇಲೇರಲಾಗದು; ನೀರು ಕುಗ್ಗುವುದಿಲ್ಲ, ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಿಲ್ಟರ್ ಮೇಲೆ ತೊಡಿಸುವ, ನೀರು ಅಂಟದ ಬಟ್ಟೆಯ ಕವರ್ ಎರಚುವ ಹನಿಗಳನ್ನು ತಡೆಯುತ್ತದೆ, ಮುಳುಗಡೆಯನ್ನಲ್ಲ. ಪೈಪಿನ ಮೇಲ್ಭಾಗದಲ್ಲಿ ಕೂರಿಸುವ ಬೈಪಾಸ್ ವಾಲ್ವ್ ಕೆಳಗಿನ ಬಾಯಿ ಮುಳುಗಿದಾಗ ಬೇರೆ ದಾರಿಯಿಂದ ಗಾಳಿ ಬಿಡುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಮಾತ್ರ ಅದು ಹೊಂದುತ್ತದೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಲೇಬೇಡಿ. ಫಿಲ್ಟರ್ ಒದ್ದೆಯಾಗಿದೆಯೇ ನೋಡಿ, ಸ್ಪಾರ್ಕ್ ಪ್ಲಗ್ ಎಲ್ಲವನ್ನೂ ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು. ಮಳೆಗಾಲದಲ್ಲೂ ಓಡಿಸುವ ಕಾರಿಗೆ ಈ ಬಗೆ ಬೇಡ.

ಮುಚ್ಚಿದ ಡಬ್ಬಿಯಲ್ಲೂ ಎಲ್ಲವೂ ಒಂದೇ ಅಲ್ಲ. ಗಾಳಿ ಬರುವ ಬಾಯಿಯ ವಿಸ್ತೀರ್ಣ ಒಳಗಿನ ಪೈಪಿನ ವಿಸ್ತೀರ್ಣಕ್ಕಿಂತ ಕಡಿಮೆ ಇರಬಾರದು, 76 ಮಿ.ಮೀ. ಪೈಪಿಗೆ ಅದು 45 ಚದರ ಸೆಂ.ಮೀ. ಬಾಯಿ ಗ್ರಿಲ್ ಹಿಂದೆ ಅಥವಾ ಕಂಪನಿಯ ಮೂಲ ನಾಳಕ್ಕೆ ಸೇರಬೇಕು. ತಳದಲ್ಲಿ ನೀರು ಇಳಿದುಹೋಗಲು ಸಣ್ಣ ರಂಧ್ರ ಇರಬೇಕು. ಮುಚ್ಚಳದ ಬದಲು ಬಾನೆಟ್ಟೇ ಮುಚ್ಚಳವಾಗುವ ವಿನ್ಯಾಸವಾದರೆ ರಬ್ಬರ್ ಅಂಚಿನ ಮೇಲೆ ಕಾಗದದ ಪಟ್ಟಿ ಇಟ್ಟು ಬಾನೆಟ್ ಮುಚ್ಚಿ ಎಳೆದು ನೋಡಿ. ಸುತ್ತಲೂ ಎಲ್ಲೆಡೆ ಬಿಗಿಯಾಗಿ ಹಿಡಿದಿರಬೇಕು.

ಕಂಪನಿಯ ನಾಳದ ಪಕ್ಕದಲ್ಲಿ ಅಂಟಿಕೊಂಡ ಖಾಲಿ ಡಬ್ಬಿಗಳನ್ನು ಕಂಡು ಅವು ಬರೀ ಸದ್ದು ಅಡಗಿಸಲು ಎನ್ನುವವರಿದ್ದಾರೆ. ಅವುಗಳಲ್ಲಿ ಹಲವು ಅದಕ್ಕೇ ಇರುವುದು ನಿಜ. ಆದರೆ ನಾಳದ ಉದ್ದವೂ ಗಾತ್ರವೂ ಒತ್ತಡದ ಅಲೆಗಳ ಲಯವನ್ನು ನಿರ್ಧರಿಸುತ್ತವೆ. ಬದಲಾಯಿಸಿದಾಗ 6500ರಲ್ಲಿ 4 ಎಚ್‌ಪಿ ಬಂದು 3500ರಲ್ಲಿ ಟಾರ್ಕ್ ಕುಸಿಯುವುದೂ ಉಂಟು. ಆದ್ದರಿಂದ ಡೈನೊ ಹಾಳೆಯಲ್ಲಿ ತುದಿಯ ಸಂಖ್ಯೆಯನ್ನಷ್ಟೇ ನೋಡದೆ 3000ದಿಂದ ಮೇಲಿನ ಪೂರ್ತಿ ಗೆರೆ ನೋಡಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಏರ್‌ಫ್ಲೋ ಸೆನ್ಸರಿನ ವಿಷಯದಲ್ಲಿ. ಎಂಜಿನ್ ಕೆಡುವುದು ಇಲ್ಲಿಂದ. ಈ ಸೆನ್ಸರಿನೊಳಗಿನ ಬಿಸಿ ತಂತಿ ಇಡೀ ಗಾಳಿಯನ್ನು ಅಳೆಯುವುದಿಲ್ಲ. ತನ್ನ ಸಣ್ಣ ಕಿಂಡಿಯ ಮೂಲಕ ಹಾದ ಪಾಲನ್ನು ಅಳೆಯುತ್ತದೆ. ಕೊಳವೆಯ ವ್ಯಾಸ ಇಂತಿಷ್ಟು ಎಂದು ಇಸಿಯುಗೆ ಮೊದಲೇ ಗೊತ್ತಿರುವುದರಿಂದ ಅದು ಒಟ್ಟು ಗಾಳಿಯನ್ನು ಲೆಕ್ಕ ಹಾಕುತ್ತದೆ. ಕಂಪನಿಯದು 70 ಮಿ.ಮೀ. ಇದ್ದಲ್ಲಿ ನೀವು 76 ಹಾಕಿದರೆ ವಿಸ್ತೀರ್ಣ ಶೇ. 18ರಷ್ಟು ಹೆಚ್ಚಿತು. ಗಾಳಿ ಮೊದಲಿನಷ್ಟೇ ಹೋಗುತ್ತಿದ್ದರೂ ವೇಗ ಇಳಿಯುವುದರಿಂದ ಸೆನ್ಸರ್ ಕಡಿಮೆ ಹೇಳುತ್ತದೆ, ಇಸಿಯು ಕಡಿಮೆ ಪೆಟ್ರೋಲ್ ಕೊಡುತ್ತದೆ. ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಎಂಬ ಹದ ತಪ್ಪಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ನಿಧಾನವಾಗಿ ಓಡಿಸುವಾಗ ಎಕ್ಸಾಸ್ಟಿನಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಕಂಡುಹಿಡಿಯುತ್ತದೆ, ಇಸಿಯು ಫ್ಯೂಯೆಲ್ ಟ್ರಿಮ್ (ಪೆಟ್ರೋಲನ್ನು ಶೇಕಡಾ ಇಷ್ಟು ಹೆಚ್ಚು ಕಡಿಮೆ ಮಾಡುವ ತಿದ್ದುಪಡಿ) ಮೂಲಕ ಸರಿದೂಗಿಸುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹಲವು ಇಸಿಯುಗಳು ಈ ತಿದ್ದುಪಡಿಯನ್ನು ಬಿಟ್ಟು ನೇರವಾಗಿ ಮೊದಲೇ ತುಂಬಿಟ್ಟ ಕೋಷ್ಟಕದ ಲೆಕ್ಕ ಹಿಡಿಯುತ್ತವೆ. ಎಂಜಿನ್ನಿನ ಮೇಲೆ ಅತಿ ಹೆಚ್ಚು ಭಾರ ಇರುವ ಹೊತ್ತಿನಲ್ಲೇ ಮಿಶ್ರಣ ಲೀನ್. ಅಷ್ಟೇ ಅಲ್ಲ, ಗಾಳಿ ಕಡಿಮೆ ಎಂದರೆ ಲೋಡ್ ಕಡಿಮೆ ಎಂದು ಇಸಿಯು ತಿಳಿದು ಇಗ್ನಿಶನ್ ಟೈಮಿಂಗನ್ನು ಇನ್ನಷ್ಟು ಮುಂದಕ್ಕೆ ತರುತ್ತದೆ. ಲೀನ್ ಮಿಶ್ರಣಕ್ಕೆ ಮುಂದಕ್ಕೆ ಬಂದ ಟೈಮಿಂಗ್ ಸೇರಿದರೆ ನಾಕಿಂಗ್ ಅಪಾಯ ಬಹಳ ಹೆಚ್ಚುತ್ತದೆ. ಕಂಪನಿಯ ಮಿಶ್ರಣ ಪೂರ್ತಿ ಥ್ರಾಟಲ್‌ನಲ್ಲಿ ರಿಚ್ (ಪೆಟ್ರೋಲ್ ಹೆಚ್ಚು) ಇರುವುದರಿಂದ ತುಸು ಲೀನ್ ಆದರೆ ಡೈನೊದಲ್ಲಿ ಎಚ್‌ಪಿ ಹೆಚ್ಚೇ ಕಾಣುತ್ತದೆ. ಆ ಲಾಭ ಬಂದದ್ದು ಗಾಳಿಯಿಂದಲ್ಲ, ಕಂಪನಿ ಇಟ್ಟಿದ್ದ ಸುರಕ್ಷತೆಯ ಅಂಚನ್ನು ತಿಂದು.

ಹಾಗಾಗಿ ಕೊಳ್ಳುವ ಮೊದಲು ಸೆನ್ಸರ್ ಕೂರುವ ಜಾಗದ ಒಳವ್ಯಾಸವನ್ನು ಮಾರುವವರಿಂದ ಕೇಳಿ ಪಡೆಯಿರಿ. ಬಂದ ಮೇಲೆ ವರ್ನಿಯರ್ ಕ್ಯಾಲಿಪರ್‌ನಿಂದ ನೀವೇ ಅಳೆಯಿರಿ. 70 ಮಿ.ಮೀ.ಗೆ ಒಂದೇ ಒಂದು ಮಿ.ಮೀ. ಹೆಚ್ಚಾದರೂ ಶೇ. 3ರ ಹತ್ತಿರ ವ್ಯತ್ಯಾಸ. ಸೆನ್ಸರಿನ ಆಳ, ದಿಕ್ಕು ಮೂಲದಂತೆಯೇ ಇರಬೇಕು. ಅದರ ಮುಂದೆ ಆದಷ್ಟು ನೇರ ಪೈಪ್ ಬೇಕು. ಬಾಗಿದ ಕೂಡಲೇ ಸೆನ್ಸರ್ ಬಂದರೆ ಗಾಳಿ ಒಂದು ಗೋಡೆಗೆ ಒತ್ತಿ ಹರಿದು ಸಂಖ್ಯೆ ಹೊಯ್ದಾಡುತ್ತದೆ. ಕಂಪನಿಯವರು ಸೆನ್ಸರಿನ ಮುಂದೆ ಇಟ್ಟ ಜೇನುಗೂಡಿನಂಥ ಜಾಲರಿ ಗಾಳಿಯನ್ನು ನೇರ ಮಾಡಲು ಇರುವುದು. ಗಾಳಿಗೆ ಅಡ್ಡ ಎಂದುಕೊಂಡು ಅದನ್ನು ಕಿತ್ತುಹಾಕಬೇಡಿ.

ಟ್ಯೂನ್ ಬೇಕೇ ಎಂಬ ಪ್ರಶ್ನೆಗೆ ಉತ್ತರವನ್ನು ಫ್ಯೂಯೆಲ್ ಟ್ರಿಮ್ ಹೇಳುತ್ತದೆ. ಕಿಟ್ ಹಾಕುವ ಮೊದಲೇ ಎಂಜಿನ್ ಬಿಸಿಯಾಗಿರುವಾಗ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಚಾಲೂ ಇರುವಾಗ), 2500 ಆರ್‌ಪಿಎಂನಲ್ಲಿ, ಹೆದ್ದಾರಿ ವೇಗದಲ್ಲಿ ಶಾರ್ಟ್ ಟರ್ಮ್ (ಆ ಕ್ಷಣದ), ಲಾಂಗ್ ಟರ್ಮ್ (ಇಸಿಯು ನೆನಪಿಟ್ಟ) ಟ್ರಿಮ್ ಎರಡನ್ನೂ ಕೂಡಿಸಿ ಬರೆದಿಡಿ. ಹಾಕಿದ ಮೇಲೆ 80–100 ಕಿ.ಮೀ. ಓಡಿಸಿ ಮತ್ತೆ ನೋಡಿ. ಮೊದಲಿಗಿಂತ ಶೇ. 5ರೊಳಗೆ ಬದಲಾಗಿದ್ದರೆ ಟ್ಯೂನ್ ಬೇಡ. 5ರಿಂದ 10 ಇದ್ದರೆ ಪೂರ್ತಿ ಥ್ರಾಟಲ್‌ನ ಮಿಶ್ರಣವನ್ನು ವೈಡ್‌ಬ್ಯಾಂಡ್ ಸೆನ್ಸರಿನಿಂದ (ಮಿಶ್ರಣದ ಹದವನ್ನು ನಿಖರವಾಗಿ ಹೇಳುವ ಆಕ್ಸಿಜನ್ ಸೆನ್ಸರ್) ಪರೀಕ್ಷಿಸದೆ ಜೋರಾಗಿ ಓಡಿಸಬೇಡಿ. 10 ದಾಟಿದರೆ ಟ್ಯೂನರ್ ಏರ್‌ಫ್ಲೋ ಕೋಷ್ಟಕವನ್ನು ಸರಿಪಡಿಸಲೇಬೇಕು, ಇಲ್ಲವೇ ಕಿಟ್ ವಾಪಸ್ ಕೊಡಬೇಕು. ಮಿಶ್ರಣ ಲೀನ್ ಎಂದು ಹೇಳುವ ಪಿ0171 ಕೋಡ್ ಬಂದು ಚೆಕ್ ಎಂಜಿನ್ ದೀಪ ಹತ್ತುವವರೆಗೆ ಕಾಯುವುದು ತಡವಾಯಿತು ಎಂದೇ ಲೆಕ್ಕ. ಟ್ರಿಮ್ ಏರಿದ ಕಾರಣವನ್ನೂ ಬಿಡಿಸಿ ನೋಡಿ: ಐಡಲ್‌ನಲ್ಲಿ ಹೆಚ್ಚಿದ್ದು ಆರ್‌ಪಿಎಂ ಏರಿದಂತೆ ಇಳಿದರೆ ಸೆನ್ಸರಿಗೂ ಎಂಜಿನ್ನಿಗೂ ನಡುವೆ ಎಲ್ಲೋ ಗಾಳಿ ಒಳಗೆ ಸೋರುತ್ತಿದೆ, ಎಲ್ಲ ಆರ್‌ಪಿಎಂನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಕೊಳವೆಯ ಅಳತೆಯೇ ತಪ್ಪು. ಏರ್‌ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್ ಒತ್ತಡದಿಂದಲೇ ಲೆಕ್ಕ ಹಾಕುವ ಕಾರುಗಳಲ್ಲಿ ಈ ತಲೆನೋವು ಬಹಳ ಕಡಿಮೆ.

ಫಿಲ್ಟರಿನ ವಿಷಯ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಹೊಸದಿದ್ದಾಗ ಗಾಳಿಯನ್ನು ಸಲೀಸಾಗಿ ಬಿಡುತ್ತದೆ, ಸಾಮಾನ್ಯವಾಗಿ ಸಣ್ಣ ಧೂಳನ್ನೂ ತುಸು ಹೆಚ್ಚು ಬಿಡುತ್ತದೆ. ತೊಳೆದ ಮೇಲೆ ಎಣ್ಣೆ ಅತಿಯಾದರೆ ಅದು ಹಾರಿ ಬಿಸಿ ತಂತಿಗೆ ಅಂಟಿ ಸೆನ್ಸರನ್ನು ಕುರುಡು ಮಾಡುತ್ತದೆ. ಕಡಿಮೆಯಾದರೆ ಧೂಳು ನುಗ್ಗುತ್ತದೆ. ಧೂಳಿನಲ್ಲಿರುವ ಸಿಲಿಕಾ ಪಿಸ್ಟನ್ ರಿಂಗನ್ನೂ ಸಿಲಿಂಡರ್ ಗೋಡೆಯನ್ನೂ ತೇಯುತ್ತದೆ, ಈ ಸವೆತ ಮರಳಿ ಬಾರದ್ದು. ಒಣ ಸಿಂಥೆಟಿಕ್ ಫಿಲ್ಟರಿನಲ್ಲಿ ಎಣ್ಣೆಯ ಗೋಜಿಲ್ಲ. ಗಾಳಿಯ ತಡೆ ತುಸು ಹೆಚ್ಚಾದರೂ ಫಿಲ್ಟರಿನ ಮೈ ದೊಡ್ಡದಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಐಎಸ್‌ಒ 5011 ಎಂಬ ಪರೀಕ್ಷಾ ವಿಧಾನ ಇದೆ. ಆ ಪ್ರಕಾರ ಧೂಳು ಹಿಡಿಯುವ ಪ್ರಮಾಣ, ಧೂಳು ತುಂಬುವ ಸಾಮರ್ಥ್ಯ, ಇಂತಿಷ್ಟು ಗಾಳಿಗೆ ಎಷ್ಟು ಒತ್ತಡ ನಷ್ಟ ಎಂಬ ಮೂರನ್ನೂ ಹೇಳುವ ತಯಾರಕರನ್ನೇ ನಂಬಿ. ಸೆನ್ಸರ್ ಕೊಳೆಯಾದರೆ ಅದಕ್ಕೆಂದೇ ಇರುವ ಸ್ಪ್ರೇ ಮಾತ್ರ ಬಳಸಿ, ಬ್ರೇಕ್ ಕ್ಲೀನರ್ ಅಥವಾ ಕಾರ್ಬ್ ಕ್ಲೀನರ್ ಬೇಡ, ತಂತಿಯನ್ನು ಮುಟ್ಟುವುದಂತೂ ಬೇಡವೇ ಬೇಡ.

ಅಲ್ಯುಮಿನಿಯಂ ಪೈಪ್ ಗಾಳಿಯನ್ನು ಕಾಯಿಸುತ್ತದೆ, ಕಾರ್ಬನ್ ಫೈಬರ್ ಒಳ್ಳೆಯದು ಎಂಬ ಮಾತಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಸೆಕೆಂಡಿಗೆ 31 ಮೀಟರ್ ವೇಗದ ಗಾಳಿ 60 ಸೆಂ.ಮೀ. ಪೈಪಿನೊಳಗೆ ಇರುವುದೇ 0.02 ಸೆಕೆಂಡ್. ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಪ್ಲಾಸ್ಟಿಕ್ಕಿನದು ಕಡಿಮೆ ಕಾಯುತ್ತದೆ.

ಟರ್ಬೊ ಕಾರಿನವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ಟರ್ಬೊಗಿಂತ ಮೊದಲಿನ ತಡೆಗೆ ಬೆಲೆ ಹೆಚ್ಚು. ಬೂಸ್ಟ್ ಗುರಿ (ಟರ್ಬೊ ಗಾಳಿಯನ್ನು ಮುಟ್ಟಿಸಬೇಕಾದ ಒತ್ತಡ) ವಾತಾವರಣದ ಒತ್ತಡವೂ ಸೇರಿ 200 ಕಿಲೋಪಾಸ್ಕಲ್ ಇದ್ದು ಟರ್ಬೊ ಬಾಯಲ್ಲಿ 95ರ ಬದಲು 98 ಸಿಕ್ಕರೆ ಒತ್ತಡದ ಅನುಪಾತ 2.10ರಿಂದ 2.04ಕ್ಕೆ ಇಳಿದು, ಕಂಪ್ರೆಸರಿನಿಂದ ಹೊರಬರುವ ಗಾಳಿ 4–5 ಡಿಗ್ರಿ ತಂಪಾಗುತ್ತದೆ. ಆದರೆ ಬೂಸ್ಟ್ ಗುರಿಯನ್ನು ಇಸಿಯು ಹಿಡಿದಿಡುವುದರಿಂದ ಟ್ಯೂನ್ ಇಲ್ಲದೆ ಶಕ್ತಿ ಅಷ್ಟಾಗಿ ಏರದು. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಒತ್ತಡವನ್ನು ಹೊರಬಿಡುವ ಬ್ಲೋ ಆಫ್ ವಾಲ್ವ್‌ನ ಗಾಳಿ ಏರ್‌ಫ್ಲೋ ಸೆನ್ಸರಿಗೂ ಟರ್ಬೊಗೂ ನಡುವೆಯೇ ಮರಳಿ ಸೇರಬೇಕು.

ಹಾಕುವಾಗ ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಸೆನ್ಸರಿನ ಕನೆಕ್ಟರನ್ನು ಲಾಕ್ ಒತ್ತಿ ಎಳೆಯಿರಿ, ತಂತಿ ಹಿಡಿದು ಎಳೆಯಬೇಡಿ. ಹಳೆಯ ಪೈಪ್ ತೆಗೆದ ಕೂಡಲೇ ಥ್ರಾಟಲ್ ಬಾಯಿಗೆ ಚೊಕ್ಕ ಬಟ್ಟೆ ಮುಚ್ಚಿ. ಬಿದ್ದ ಒಂದು ಸ್ಕ್ರೂ ಎಂಜಿನ್ ಕೆಡಿಸಲು ಸಾಕು. ಹೊಸ ಪೈಪಿನೊಳಗೆ ಲೋಹದ ಚೂರು, ಅಚ್ಚಿನ ಪುಡಿ ಇದ್ದೀತು, ತೊಳೆದು ಒಣಗಿಸಿ. ಸೆನ್ಸರಿನ ರಬ್ಬರ್ ರಿಂಗ್ ಸುಕ್ಕಾಗದಂತೆ ಕೂರಿಸಿ. ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸ್ (ಎಂಜಿನ್ನಿನ ತಳಭಾಗ ಉಸಿರಾಡುವ ಹೋಸ್), ಕಂಪನಿಯ ಪೈಪಿಗೆ ಸೇರಿದ್ದ ಬೇರೆ ಹೋಸುಗಳು ಎಲ್ಲಕ್ಕೂ ಹೊಸ ಪೈಪಿನಲ್ಲಿ ಅದೇ ಗಾತ್ರದ ನಿಪ್ಪಲ್ ಇರಬೇಕು, ಅದೂ ಸೆನ್ಸರಿನ ಆಚೆ, ಎಂಜಿನ್ ಬದಿಗೆ. ಬ್ರೀದರ್‌ಗೆ ಸಣ್ಣ ಫಿಲ್ಟರ್ ಸಿಕ್ಕಿಸಿ ತೆರೆದು ಬಿಡುವ ಕಿಟ್ ಬೇಡ. ಸೆನ್ಸರ್ ಅಳೆಯದ ಗಾಳಿ ಅಲ್ಲಿಂದ ಒಳಹೊಕ್ಕು ಟ್ರಿಮ್ ಕೆಡುತ್ತದೆ, ಎಣ್ಣೆಯ ಹೊಗೆ ಹೊರಗೆ ಬರುತ್ತದೆ. ಮೊದಲು ಎಲ್ಲ ಕ್ಲಾಂಪ್ ಸಡಿಲವಾಗಿರಲಿ, ಪೈಪ್ ತಾನಾಗಿ ಹೊಂದಿದ ಮೇಲೆ ಬಿಗಿಯಿರಿ. ಸ್ಕ್ರೂ ಕ್ಲಾಂಪಿಗೆ 3–4 ನ್ಯೂಟನ್ ಮೀಟರ್ ಸಾಕು, ಹೆಚ್ಚಾದರೆ ಪೈಪು ಕೂಡಿಸುವ ಸಿಲಿಕೋನ್ ಹೋಸ್ ಸೀಳುತ್ತದೆ. ಎಂಜಿನ್ ತನ್ನ ಮೌಂಟಿನ ಮೇಲೆ ಹೊರಳುವುದರಿಂದ ಪೈಪಿಗೂ ಬಾಡಿಗೂ ನಡುವೆ ಕನಿಷ್ಠ 15 ಮಿ.ಮೀ. ಸಂದಿ ಬಿಡಿ. ಬಾನೆಟ್ ತಾಗುತ್ತದೆಯೇ ತಿಳಿಯಲು ಎತ್ತರದ ಜಾಗದಲ್ಲಿ ಜೇಡಿಮಣ್ಣಿನ ಉಂಡೆ ಇಟ್ಟು ಮುಚ್ಚಿ ತೆರೆದು ನೋಡಿ.

ಹೊಗೆ ತಪಾಸಣೆ ಇರುವ ಕಡೆ ಈ ಕಿಟ್ ಒಪ್ಪಿತವೇ ಎಂದು ಮೊದಲೇ ವಿಚಾರಿಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಹನಗಳ ಹೊಗೆ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ‘ಕಾರ್ಬ್’ನ ಅನುಮತಿ ಸಂಖ್ಯೆ ಇರುವ ಕಿಟ್ ಕಂಪನಿಯ ಟ್ಯೂನ್ ಮೇಲೆಯೇ ಹೊಗೆಯ ಮಿತಿಯೊಳಗೆ ಓಡುತ್ತದೆ ಎಂಬುದಕ್ಕೆ ಒಳ್ಳೆಯ ಸೂಚನೆ. ಟ್ಯೂನ್ ಕಡ್ಡಾಯ ಎಂದು ಬರೆದಿದ್ದರೆ ಅದನ್ನು ಅಕ್ಷರಶಃ ನಂಬಿ. ಕಂಪನಿಯ ಏರ್‌ಬಾಕ್ಸನ್ನು ಸ್ಕ್ರೂ, ಹೋಸ್ ಸಮೇತ ಜೋಪಾನವಾಗಿ ಎತ್ತಿಡಿ.

100 ಕಿ.ಮೀ. ಆದ ಮೇಲೆ ಕ್ಲಾಂಪುಗಳನ್ನು ಮತ್ತೊಮ್ಮೆ ಬಿಗಿದು, ಮೊದಲು ಅಳೆದಂತೆಯೇ ಒತ್ತಡವನ್ನೂ ತಾಪಮಾನವನ್ನೂ ಮತ್ತೆ ಅಳೆಯಿರಿ: ಅದೇ ರಸ್ತೆ, ಅದೇ ಹೊತ್ತು, ಅದೇ ಗೇರ್. 500 ಕಿ.ಮೀ. ಆದಾಗ ಫಿಲ್ಟರ್ ಆಚೆಯ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಅಂಟಿದರೆ ಫಿಲ್ಟರ್ ಅಂಚಿನಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲವೇ ಫಿಲ್ಟರೇ ಧೂಳು ಬಿಡುತ್ತಿದೆ; ಕಾರಣ ಸಿಗುವವರೆಗೆ ಹಳೆಯ ಏರ್‌ಬಾಕ್ಸ್ ಹಾಕಿ ಓಡಿಸಿ.